ನಾನು ಎರಡು ವರ್ಷ ಕುಡಿದ ಹಾಲು

ನಮ್ಮ ಮನೆಯಲ್ಲಿ ನನ್ನ ಬಗ್ಗೆ ಒಂದು ಸುಳ್ಳು ಓಡಾಡುತ್ತಿತ್ತು. ಅದನ್ನು ಹುಟ್ಟಿಸಿದವಳು ಅಜ್ಜಿ, ಅಮ್ಮನ ಅಮ್ಮ. ನಾನು ಎರಡು ವರ್ಷ ತುಂಬುವವರೆಗೂ ತಾಯಿಹಾಲು ಕುಡಿದೆನಂತೆ, ಬಿಡಿಸಲು ಹೋದರೆ ಬೀದಿ ಒಂದಾಗುವ ಹಾಗೆ ಕಿರುಚುತ್ತಿದ್ದೆನಂತೆ, ಅದಕ್ಕೇ ನನ್ನ ಹಲ್ಲು ಇಷ್ಟು ಗಟ್ಟಿಯಂತೆ. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಸುಳ್ಳು ಹೇಳುವುದು ಅನ್ನುತ್ತಾರಲ್ಲ, ಆ ವಿದ್ಯೆಯಲ್ಲಿ ಅಜ್ಜಿಯನ್ನು ಮೀರಿಸುವವರಿರಲಿಲ್ಲ. ನೆರೆಮನೆಯವರಿಗೆ ಹೇಳಿದಳು, ಸೊಪ್ಪಿನವಳಿಗೆ ಹೇಳಿದಳು, ಕೊನೆಗೆ ನನಗೂ ಹೇಳಿದಳು. ನಾನು ನಂಬಿದೆ. ಓಟದಲ್ಲಿ ಗೆದ್ದು ಬಂದರೆ ಅದು ಹಾಲಿನ ಬಲ. ಸೋತು ಬಂದರೆ, "ಅಷ್ಟು ಕುಡಿದಿದ್ದೆಲ್ಲ ಎಲ್ಲಿಗೆ ಹೋಯ್ತೇ?" ಎಂಬ ವಿಚಾರಣೆ.

ನಿಜವೇನೆಂದರೆ, ನಾನು ಐದನೇ ತಿಂಗಳಿಗೇ ಅಮ್ಮನ ಎದೆ ಬಿಟ್ಟವಳು. ಅಮ್ಮ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದು ನನಗೆ ಗೊತ್ತಾದದ್ದು ಏಳನೇ ವಯಸ್ಸಿನಲ್ಲಿ, ಆಸ್ಪತ್ರೆಯ ಒಂದು ಹಸಿರು ಪರದೆಯ ಪಕ್ಕದಲ್ಲಿ ನಿಂತಿದ್ದಾಗ. ಅಮ್ಮ ಬಹಳ ಆಸೆಪಟ್ಟಿದ್ದ ಒಂದು ಕೆಲಸ ಅವಳಿಗೆ ಸಿಗುತ್ತದೋ ಕೈತಪ್ಪುತ್ತದೋ ಎಂದು ತೀರ್ಮಾನವಾಗುವ ಗಳಿಗೆ ಅದು. ಕೆಲಸ ಯಾವುದೆಂದರೆ, ಹೆತ್ತ ತಾಯಂದಿರ ಪಕ್ಕ ಕೂತು ಮಗುವಿಗೆ ಹಾಲೂಡಿಸುವುದನ್ನು ಹೇಳಿಕೊಡುವುದು. ನಗಬೇಡಿ. ಅಮ್ಮನಿಗೂ ಇದರ ವಿಚಿತ್ರ ಗೊತ್ತಿತ್ತು, ಅದೇ ಅವಳ ಸಂಕಟವಾಗಿತ್ತು.

ಅದಕ್ಕೂ ಮೊದಲು ಅಮ್ಮ ಹೊಲಿಗೆಯವಳು. ಎರಡು ಬೀದಿಯಾಚೆ, ಮೊಳೆ ಬೀಗ ಮಾರುವ ಅಂಗಡಿಯ ಮೇಲಿನ ಮಹಡಿಯಲ್ಲಿ ಮಾಸ್ಟರ್ ಅವರ ಹೊಲಿಗೆಮನೆ ಇತ್ತು. ಮಾಸ್ಟರ್ ಎಂದರೆ ಕಟಿಂಗ್ ಮಾಸ್ಟರ್, ಬಟ್ಟೆ ಕತ್ತರಿಸುವವರು. ಮಾಲೀಕರೂ ಅವರೇ. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಆ ಪೆನ್ಸಿಲನ್ನೇ ಊರೆಲ್ಲ ಹುಡುಕುವವರು. ಶಾಲೆ ಬಿಟ್ಟ ಮೇಲೆ ನನ್ನ ಜಾಗ ಕಟಿಂಗ್ ಟೇಬಲ್ಲಿನ ಕೆಳಗೆ. ಚಿಂದಿಬಟ್ಟೆಯ ರಾಶಿಯ ಮೇಲೆ ಮಲಗಿದರೆ ಮೇಲಿನ ಹಲಗೆಯಲ್ಲಿ ಕತ್ತರಿ ಕರಕರ ಅನ್ನುತ್ತಾ ಸಾಗುವುದು ಕೇಳುತ್ತಿತ್ತು. ಇಸ್ತ್ರಿಯ ಹಬೆ, ಮಿಷನ್ನಿನ ಎಣ್ಣೆ, ಹೊಸ ಬಟ್ಟೆಯ ಗಂಜಿ, ಇವುಗಳ ವಾಸನೆ ಬೆರೆತು ನನಗೆ ಅಲ್ಲೇ ನಿದ್ದೆ ಬರುತ್ತಿತ್ತು. ಹೆಂಗಸರು ಮಿಷನ್ ತುಳಿಯುತ್ತಾ ಮಾತಾಡುವರು, ಮಾತು ಸ್ವಾರಸ್ಯಕ್ಕೆ ಬಂದಾಗ ಕಾಲುಗಳೆಲ್ಲ ಒಟ್ಟಿಗೆ ನಿಲ್ಲುವವು. ಈಗ ಆ ಮಹಡಿಯಲ್ಲಿ ಯಾವುದೋ ಕಂಪ್ಯೂಟರ್ ತರಗತಿ ನಡೆಯುತ್ತದೆ. ಆ ದಾರಿಯಲ್ಲಿ ಹೋಗುವಾಗ ನಾನು ಈಗಲೂ ಕತ್ತೆತ್ತಿ ನೋಡುತ್ತೇನೆ. ಆ ದಿನಗಳು ಹಾಗೇ ಇಡಿಯಾಗಿ ವಾಪಸ್ ಬೇಕು ಅನಿಸುತ್ತದೆ, ಕಾಲಿಗೆ ಚುಚ್ಚುತ್ತಿದ್ದ ಗುಂಡುಸೂಜಿಗಳ ಸಮೇತ.

ಅಪ್ಪನ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ, ಅವರೂ ನಮ್ಮನ್ನು ಹಾಗೆಯೇ ಮುಗಿಸಿದ್ದು. ನಾನು ಹೊಟ್ಟೆಯಲ್ಲಿದ್ದಾಗ ದೂರದೂರಿಗೆ ಕೆಲಸಕ್ಕೆಂದು ಹೋದವರು ಅಲ್ಲೇ ಇನ್ನೊಂದು ಸಂಸಾರ ಹೂಡಿದರು.

ಹಾಗಾಗಿ ನನಗೆ ಮೂರು ತಿಂಗಳು ತುಂಬುತ್ತಲೇ ಅಮ್ಮ ಮಿಷನ್ನಿನ ಮುಂದೆ ಕೂತಳು. ಹತ್ತು ಗಂಟೆಯ ಹೊತ್ತಿಗೆ ಎದೆ ಕಟ್ಟಿಕೊಂಡು ಕಲ್ಲಾಗುತ್ತಿತ್ತಂತೆ. ಕೆಳಗೆ ಬೀದಿಯಲ್ಲಿ ಯಾರದೋ ಕೂಸು ಅತ್ತರೂ ಸಾಕು, ಹಾಲು ಸುರಿದು ಬಟ್ಟೆಯೆಲ್ಲ ಒದ್ದೆ. ಪಕ್ಕದ ಮಿಷನ್ನಿನವಳು ಮೆತ್ತನೆಯ ಚಿಂದಿಯನ್ನು ಮಡಿಸಿ, ಮಾಸ್ಟರ್ ಕಾಣದ ಹಾಗೆ ದಾಟಿಸುವಳು. ಊಟದ ಬಿಡುವಿಗೆ ಬೆಲ್ಲು ಹೊಡೆಯುತ್ತಲೇ ಅಮ್ಮ ಎರಡು ಬೀದಿ ಓಡಿ ಮನೆಗೆ ಬರುವಳು. ಬಂದವಳೇ ನನ್ನನ್ನು ಎತ್ತಿ, ತಲೆಯ ಹಿಂಭಾಗ ಹಿಡಿದು ಎದೆಗೆ ಒತ್ತಿ, "ಕುಡಿ ಕಂದ, ಬೇಗ ಕುಡಿ, ಬೇಗ" ಅನ್ನುವಳು. ಮಾಸ್ಟರ್ ಕೆಟ್ಟವರೇನಲ್ಲ. ಆದರೆ ತಡವಾಗಿ ಮೆಟ್ಟಿಲು ಹತ್ತಿ ಬಂದವರ ಕಡೆಗೆ ಅವರು ನೋಡುತ್ತಿದ್ದ ನೋಟಕ್ಕಿಂತ ನಾಲ್ಕು ಬೈಗುಳ ತಿನ್ನುವುದು ವಾಸಿಯಾಗಿತ್ತು.

ಇತ್ತ ಮಿಕ್ಕ ಹೊತ್ತೆಲ್ಲ ಅಜ್ಜಿಯ ಮಡಿಲು, ಬಾಟಲಿ, ಎಳೆದೆಳೆದು ಹೇಳುವ ಹಾಡು. ಅವಸರದ ಸುಳಿವೇ ಇಲ್ಲ. ನಾನೇನು ದಡ್ಡಿಯೇ? ಒಂದು ಮಧ್ಯಾಹ್ನ ಅಮ್ಮ ಬಂದು ಎತ್ತಿಕೊಂಡಾಗ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ, ಮುಖ ತಿರುಗಿಸಿ ಕಿರುಚಿದೆನಂತೆ. ಮಾರನೇ ದಿನವೂ ಅದೇ. ಆಮೇಲೆ ಅಮ್ಮನ ಚಪ್ಪಲಿಯ ಸದ್ದು ಕೇಳಿದರೇ ಅಳು. ಅಮ್ಮ ತಿಂಗಳಿಡೀ ಪ್ರಯತ್ನಪಟ್ಟಳು. ಪಟ್ಟಷ್ಟೂ ಒತ್ತಿದಳು, ಒತ್ತಿದಷ್ಟೂ ನಾನು ದೂರವಾದೆ. ಕೊನೆಗೆ ಹಾಲೇ ಬತ್ತಿಹೋಯಿತು. "ದುಡಿಯೋಕೆ ಹೋದೋಳಿಗೆ ಕೂಸು ಎಲ್ಲಿ ಅಂಟುತ್ತೆ?" ಎಂದು ಎದುರುಮನೆಯವಳು ಅಂದದ್ದು ಅಜ್ಜಿಯ ಕಿವಿಗೆ ಬಿತ್ತು. ಮಗಳ ಮೇಲೆ ಮಾತು ಬರಕೂಡದು ಎಂದು ಆ ಹೊತ್ತಿನಲ್ಲೇ ಅಜ್ಜಿ ಎರಡು ವರ್ಷದ ಕಥೆ ಕಟ್ಟಿದಳು. ಅಮ್ಮ ಬೇಡವೆನ್ನಲಿಲ್ಲ. ಆಮೇಲೆ ಅದು ಬಿಸಿತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಮ್ಮ ಆಸ್ಪತ್ರೆಗೆ ಕಾಲಿಟ್ಟದ್ದು ಮಾಸ್ಟರ್ ಮಾಡಿದ ಒಂದು ತಪ್ಪಿನಿಂದ. ಹೆರಿಗೆ ಆಸ್ಪತ್ರೆಯವರು ಬಾಣಂತಿಯರ ವಾರ್ಡಿಗೆಂದು ಗೌನು ಹೊಲಿಸಲು ಕೊಟ್ಟಿದ್ದರು. ಮಾಸ್ಟರ್ ಜನ್ಮವಿಡೀ ಆಪರೇಷನ್ ಗೌನು ಕತ್ತರಿಸಿದವರು. ಆಸ್ಪತ್ರೆಯ ಗೌನು ಎಂದರೆ ಬೆನ್ನಲ್ಲಿ ಬಾಯಿ, ಬೆನ್ನಲ್ಲಿ ದಾರ. ಕತ್ತರಿ ಅವರ ತಲೆಯನ್ನು ಕೇಳಲಿಲ್ಲ, ಕೈ ಹೋದ ಕಡೆ ಹೋಯಿತು. ಇಡೀ ವಾರ್ಡಿನ ಗೌನುಗಳು ಮುಂದೆ ಕತ್ತಿನವರೆಗೂ ಮುಚ್ಚಿ, ಹಿಂದೆ ಬಾಯಿ ಬಿಟ್ಟುಕೊಂಡು ತಯಾರಾದವು. ಹೊಲಿದವರು ಆರು ಜನ ಹೆಂಗಸರು, ಆರೂ ಜನ ಹೆತ್ತವರು. ಒಬ್ಬರಿಗೂ ಹೊಳೆಯಲಿಲ್ಲ.

ಗೌನು ಹೊತ್ತು ಹೋದ ಅಮ್ಮನನ್ನು ವಾರ್ಡಿನ ದೊಡ್ಡ ಸಿಸ್ಟರ್ ಹಿಡಿದು ನಿಲ್ಲಿಸಿದರು. ದೊಡ್ಡ ಸಿಸ್ಟರ್ ಎಂದರೆ ಅಲ್ಲಿನ ನರ್ಸುಗಳಿಗೆಲ್ಲ ಹಿರಿಯರು, ಆಕಾರದಲ್ಲೂ ಹಿರಿಯರು. ಒಂದು ಗೌನು ಬಿಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿ, "ಏನಮ್ಮಾ, ನಿಮ್ಮ ಕಡೆ ಕೂಸುಗಳು ಬೆನ್ನಲ್ಲಿ ಹಾಲು ಕುಡೀತಾವಾ?" ಎಂದು ಕೇಳಿದರು.

ಮಾಸ್ಟರ್ ತಲೆ ಕೆರೆದುಕೊಂಡು, ಕೈಮಿಷನ್ನಿನ ಜೊತೆ ಅಮ್ಮನನ್ನೇ ವಾರ್ಡಿಗೆ ಕಳಿಸಿದರು. ಕಿಟಕಿಯ ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಅಮ್ಮ ಗೌನು ಬಿಚ್ಚಿ, ಎದೆಯ ಎರಡೂ ಕಡೆ ಸೀಳಿ, ಮೇಲೊಂದು ಮುಚ್ಚಳಪಟ್ಟಿ ಕೂರಿಸುತ್ತಾ ಹೋದಳು. ವಾರ್ಡಿನವರು ಅವಳಿಗೆ ಗೌನಮ್ಮ ಎಂದು ಹೆಸರಿಟ್ಟರು. ಹೊಲಿಯುವವರ ಮುಂದೆ ಜನ ಯಾಕೋ ಮನಸ್ಸು ಬಿಚ್ಚುತ್ತಾರೆ. ಕಣ್ಣು ಬಟ್ಟೆಯ ಮೇಲಿರುತ್ತದೆ, ಮುಖ ನೋಡುವುದಿಲ್ಲ, ಅದಕ್ಕಿರಬೇಕು. ಬಾಣಂತಿಯರು ಒಬ್ಬೊಬ್ಬರಾಗಿ ಬಂದು ಕೂತರು. ಒಬ್ಬಳಿಗೆ ತೊಟ್ಟು ಒಡೆದು ಉರಿ. ಇನ್ನೊಬ್ಬಳಿಗೆ ಹಾಲೇ ಇಲ್ಲವೆಂಬ ಭಯ. ಅಮ್ಮ ಸುಮ್ಮನಿರಬೇಕಲ್ಲ? ಮೂಗು ತೂರಿಸಿದಳು. "ತಲೆ ಹಿಡಿದು ಗಟ್ಟಿಯಾಗಿ ಒತ್ತಿ, ಬಾಯಿಗೆ ಸಿಗುತ್ತೆ" ಎಂದು ತನಗೆ ಗೊತ್ತಿದ್ದ ಒಂದೇ ಉಪಾಯ ಹೇಳಿದಳು. ಒತ್ತಿಸಿಕೊಂಡ ಕೂಸು ಕಿರುಚಿತು. ದೊಡ್ಡ ಸಿಸ್ಟರ್ ದಡದಡ ಬಂದರು.

"ನೋಡಮ್ಮಾ, ನೀನು ಗೌನು ಹೊಲಿ. ಕೂಸನ್ನ ಹೊಲೀಬೇಡ."

ಅಷ್ಟು ಅಂದವರು, ಆ ತಾಯಿಯ ಪಕ್ಕ ಕೂತು ಅವಳನ್ನು ಹಿಂದಕ್ಕೆ ಒರಗಿಸಿದರು. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವ ಹಾಗೆ ಮಲಗಿಸಲು ಹೇಳಿದರು. ತಲೆಯನ್ನು ಹಿಡಿಯಲು ಬಿಡಲಿಲ್ಲ, ಹೆಗಲ ಹಿಂದೆ ಕೈ ಕೊಡಲು ಹೇಳಿದರು. ಆಮೇಲೆ ಏನೂ ಮಾಡಲಿಲ್ಲ, ಕಾದರು. ಕೂಸು ಅತ್ತಿತ್ತ ಮೂಸಿ, ದೊಡ್ಡದಾಗಿ ಬಾಯಿ ತೆರೆದು, ತಾನಾಗಿಯೇ ಹಿಡಿಯಿತು. ಅಮ್ಮ ಸೂಜಿ ಹಿಡಿದ ಕೈ ಎತ್ತಿದವಳು ಹಾಗೇ ಕೂತಳು. ಹೊಲಿಗೆಮನೆಗೆ ಹೊಸದಾಗಿ ಬಂದವರಿಗೆಲ್ಲ ಅವಳೇ ಹೇಳುತ್ತಿದ್ದ ಮಾತೊಂದಿತ್ತು: "ಬಟ್ಟೆ ಎಳೀಬೇಡ, ತಳ್ಳಬೇಡ, ಸುಮ್ನೆ ದಾರಿ ತೋರ್ಸು, ಮಿಷನ್ನೇ ತಗೊಳ್ಳುತ್ತೆ." ಬಟ್ಟೆಗೆ ತೋರಿಸಿದ ತಾಳ್ಮೆಯನ್ನು ನನಗೆ ತೋರಿಸಲಾಗಲಿಲ್ಲವಲ್ಲ ಎಂದು ಅವಳಿಗೆ ಹೊಳೆದದ್ದು ಆ ಹೊತ್ತಿನಲ್ಲಿ. ಇದನ್ನು ಅವಳು ನನಗೆ ಹೇಳಿದ್ದು ಬಹಳ ವರ್ಷಗಳ ನಂತರ.

ಗೌನಿನ ಕೆಲಸ ಮುಗಿಯುತ್ತಾ ಬಂದಾಗ ದೊಡ್ಡ ಸಿಸ್ಟರ್ ಒಂದು ಮಾತು ತೆಗೆದರು. ವಾರ್ಡಿಗೆ ಹಾಲೂಡಿಸುವ ವಿಷಯದ ಕೌನ್ಸೆಲರ್ ಒಬ್ಬರು ಬೇಕು. ತಾವೇ ತರಬೇತಿ ಕೊಡುತ್ತಾರೆ. "ನಮಗೆ ಹೇಳದೆ ಇರೋದನ್ನೆಲ್ಲ ಇವರು ನಿನ್ನ ಹತ್ರ ಹೇಳ್ತಾರೆ. ಹೇಳ್ಕೊಡೋದು ನಾನು ಕಲಿಸ್ತೀನಿ, ಕೇಳಿಸ್ಕೊಳ್ಳೋದು ನಿನಗೆ ಬರುತ್ತೆ," ಎಂದರು. ಎದ್ದು ಹೋಗುವ ಮುಂಚೆ ಕೇಳಿದರು, "ಅಂದ್ಹಾಗೆ, ನಿನ್ನ ಮಗಳಿಗೆ ಎಷ್ಟು ದಿನ ಕುಡಿಸಿದೆ?"

ಅಮ್ಮನ ಬಾಯಿಂದ ಅಜ್ಜಿಯ ಮಾತು ಹಾರಿತು. "ಎರಡು ವರ್ಷ, ಸಿಸ್ಟರ್."

"ಭೇಷ್," ಅಂದರು ಅವರು.

ಆ ಭೇಷ್ ತೆಗೆದುಕೊಂಡೇ ಅಮ್ಮ ಕೆಲಸಕ್ಕೆ ಒಪ್ಪಿಕೊಂಡಳು. ವಾರದ ರಜೆಯ ದಿನವೆಲ್ಲ ತರಬೇತಿಗೆ ಹೋದಳು. ಮನೆಗೆ ಬಂದು, ಕೈಗೆ ಸಿಕ್ಕ ದಿಂಬನ್ನೇ ಕೂಸು ಮಾಡಿಕೊಂಡು ಅಭ್ಯಾಸ ಮಾಡುವಳು. ದಿಂಬು ಬಹಳ ಸಾಧುಪ್ರಾಣಿ, ಹೇಳಿದ ಹಾಗೆ ಕೇಳುತ್ತಿತ್ತು. ಅವಳಿಗೆ ಕಷ್ಟವಾದದ್ದು ಒಂದೇ ನಿಯಮ. ಕೌನ್ಸೆಲರ್ ತನ್ನ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ತಾಯಿಯನ್ನು ಮುಟ್ಟುವ ಹಾಗಿಲ್ಲ, ಕೂಸನ್ನು ಸರಿಪಡಿಸುವ ಹಾಗಿಲ್ಲ, ಮಾತಿನಲ್ಲೇ ಹೇಳಬೇಕು. ನಾವು ಮಾಡಿಕೊಟ್ಟರೆ ಅದು ನಾವಿರುವವರೆಗೆ, ಅವರೇ ಮಾಡಿಕೊಂಡರೆ ಮನೆಯವರೆಗೆ ಎನ್ನುವುದು ದೊಡ್ಡ ಸಿಸ್ಟರ್ ಲೆಕ್ಕ. ಸುಕ್ಕು ಕಂಡರೆ ಸರಿ ಮಾಡದೆ ಬಿಡದ ಹೊಲಿಗೆಯವಳ ಕೈಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ. ಅಮ್ಮ ಮನೆಯಲ್ಲೂ ಕೈ ಹಿಂದೆ ಕಟ್ಟಿಕೊಂಡು ಓಡಾಡಿ, "ಏನೇ, ಪೊಲೀಸರು ಹಿಡ್ಕೊಂಡು ಹೋಗ್ತಾ ಇದಾರಾ?" ಎಂದು ಅಜ್ಜಿಯಿಂದ ಅನ್ನಿಸಿಕೊಂಡಳು.

ನನಗೆ ಅಮ್ಮ ಆ ದಿನಗಳಲ್ಲಿ ಚೆನ್ನಾಗಿ ಕಾಣುತ್ತಿದ್ದಳು. ಪಾಠ ಹೇಳಿಕೊಳ್ಳುತ್ತಾ ಪಾತ್ರೆ ತೊಳೆಯುವಳು, ನಡುವೆ ತಾನೇ ನಗುವಳು. ಆದರೆ ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂದು ಯಾರಾದರೂ ಯಾರಿಗಾದರೂ ಅಂದರೆ ಸಾಕು, ಅಮ್ಮ ಎದ್ದು ಒಳಗೆ ಹೋಗುವಳು. ಒಂದು ಸಂಜೆ ಅವಳು ಅಜ್ಜಿಗೆ ಮೆಲ್ಲಗೆ ಹೇಳುವುದು ಕೇಳಿಸಿತು. "ಎಲ್ಲರೂ ಅದನ್ನೇ ಕೇಳ್ತಾರಮ್ಮ. ನಿಮ್ಮ ಮಗು ಎಷ್ಟು ದಿನ ಕುಡೀತು ಅಂತ. ಒಂದಿನ ಸಿಕ್ಕಿಬೀಳ್ತೀನಿ." ಅಜ್ಜಿ, "ಯಾರಿಗೆ ಗೊತ್ತಾಗುತ್ತೆ? ನೀನು ನಾನು ಬಿಟ್ರೆ ಗೊತ್ತಿರೋದು ಅವಳಿಗೆ, ಅವಳಿಗೂ ನಾನು ಹೇಳ್ಕೊಟ್ಟಿದ್ದೇ ಗೊತ್ತಿರೋದು," ಅಂದಳು. ಅವಳು ಎಂದರೆ ನಾನು. ನನಗೆ ತಲೆಬುಡ ಅರ್ಥವಾಗಲಿಲ್ಲ.

ತರಬೇತಿಯ ಕೊನೆಯ ಪರೀಕ್ಷೆ ಎಂದರೆ, ದೊಡ್ಡ ಸಿಸ್ಟರ್ ನೋಡುತ್ತಿರುವಾಗ ಅಮ್ಮ ಒಬ್ಬ ಬಾಣಂತಿಗೆ ಹೇಳಿಕೊಡಬೇಕು. ಆ ದಿನ ನನಗೂ ರಜೆ. ಅಜ್ಜಿ ಕಣ್ಣು ತೋರಿಸಲು ಹೋಗಿದ್ದರಿಂದ ಅಮ್ಮ ನನ್ನನ್ನು ಕರೆದುಕೊಂಡೇ ಬಂದಳು. ವಾರ್ಡಿನ ಬಾಗಿಲ ಬಳಿಯ ಬೆಂಚಿನಲ್ಲಿ ಕೂರಿಸಿ, "ಇಲ್ಲಿಂದ ಅಲ್ಲಾಡಬೇಡ" ಅಂದಳು. ಬೆಂಚಿಗೆ ತಾಗಿಕೊಂಡೇ ಮೊದಲನೇ ಮಂಚದ ಹಸಿರು ಪರದೆ. ಅದರಾಚೆ ಅಮ್ಮ, ಕೈ ಹಿಂದೆ. ಮಂಚದ ಕಾಲ ಬಳಿ ದೊಡ್ಡ ಸಿಸ್ಟರ್. ಮಂಚದ ಮೇಲೆ ಒಬ್ಬಳು ಬಸ್ ಕಂಡಕ್ಟರ್, ಹೊಸ ಬಾಣಂತಿ. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಕೂಗುವ ಅವಳ ಗಂಟಲು ಆ ದಿನ ಪಿಸುಮಾತಿಗಿಳಿದಿತ್ತು.

"ಬರ್ತಾ ಇಲ್ಲ ಅಕ್ಕ. ಇದು ನನ್ನ ಹತ್ರ ಬಂದ್ರೆ ಸಾಕು ಅಳುತ್ತೆ. ನನ್ನ ಕಂಡ್ರೆ ಆಗಲ್ಲ ಇದಕ್ಕೆ."

"ಹಾಗೇನಿಲ್ಲಮ್ಮ. ಸ್ವಲ್ಪ ಹಿಂದಕ್ಕೆ ಒರಗ್ಕೊಳ್ಳಿ," ಅಂದಳು ಅಮ್ಮ.

"ಮತ್ತೆ ಡ್ಯೂಟಿಗೂ ಹೋಗ್ಬೇಕು. ನಿಮಗೇನು, ಹೇಳ್ತೀರಿ. ನಿಮ್ಮ ಮಗು ಎಷ್ಟು ದಿನ ಕುಡೀತು?"

ಪರದೆಯಾಚೆ ಬರೀ ಕೂಸಿನ ಅಳು. ಪಾಪ, ಅಮ್ಮನಿಗೆ ಉತ್ತರ ಮರೆತುಹೋಗಿದೆ, ಪರೀಕ್ಷೆಯಲ್ಲಿ ಹೀಗಾಗುತ್ತದೆ, ನನಗೂ ಆಗಿದೆ. ಸಹಾಯ ಮಾಡಬೇಕಾದವಳು ನಾನಲ್ಲದೆ ಇನ್ಯಾರು? ಪರದೆ ಸರಿಸಿ ತಲೆ ಹಾಕಿದೆ.

"ಎರಡು ವರ್ಷ," ಅಂದೆ. "ಆ ಮಗು ನಾನೇ. ಅದಕ್ಕೇ ನನ್ನ ಹಲ್ಲು ಇಷ್ಟು ಗಟ್ಟಿ." ಹಲ್ಲು ತೋರಿಸಿದೆ ಕೂಡ.

ಕಂಡಕ್ಟರ್ ನನ್ನ ಹಲ್ಲುಗಳನ್ನು ನೋಡಿ, ತನ್ನ ಕೂಸನ್ನು ನೋಡಿ, ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ದೊಡ್ಡ ಸಿಸ್ಟರ್ ಮುಗುಳ್ನಕ್ಕರು. ಅಮ್ಮ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಒಂದು ಹೂಂ ಅಂದಿದ್ದರೆ ಎಲ್ಲ ಮುಗಿಯುತ್ತಿತ್ತು. ಸಾಕ್ಷಿ ಸಮೇತ ಸುಳ್ಳು ಗೆದ್ದಿತ್ತು.

"ಇಲ್ಲ," ಅಂದಳು ಅಮ್ಮ. "ಐದು ತಿಂಗಳು."

ದೊಡ್ಡ ಸಿಸ್ಟರ್ ಮುಖದ ನಗು ಹೋಯಿತು.

"ಐದೇ ತಿಂಗಳು ಕುಡಿದಿದ್ದು ಇವಳು. ಆಮೇಲೆ ನನ್ನ ಕಂಡ್ರೆ ಅಳೋಳು. ನಾನು ಹೊಲಿಗೆ ಕೆಲಸಕ್ಕೆ ಹೋಗ್ತಿದ್ದೆ. ಮಧ್ಯಾಹ್ನ ಓಡಿ ಬಂದು ತಲೆ ಹಿಡಿದು ಒತ್ತೋದು, ಕುಡಿ ಬೇಗ, ಕುಡಿ ಬೇಗ ಅನ್ನೋದು. ನಿಮ್ಮ ತಲೆ ಹಿಡಿದು ಯಾರಾದ್ರೂ ತಟ್ಟೆಗೆ ಒತ್ತಿದ್ರೆ ನೀವು ಊಟ ಮಾಡ್ತೀರಾ? ಇವಳೂ ಮಾಡ್ಲಿಲ್ಲ. ನನ್ನ ಕಂಡ್ರೆ ಆಗಲ್ಲ ಅಂತ ನಾನೂ ಅಂದ್ಕೊಂಡಿದ್ದೆ. ಅವಳಿಗೆ ಆಗದೇ ಇದ್ದಿದ್ದು ನಾನಲ್ಲ, ನನ್ನ ಅವಸರ. ಹೇಳ್ಕೊಡೋರು ಯಾರೂ ಇರ್ಲಿಲ್ಲ. ಅದಕ್ಕೇ ಈ ಕೆಲಸಕ್ಕೆ ಬಂದೆ."

ಕಂಡಕ್ಟರ್ ಈ ಕಡೆ ತಿರುಗಿದಳು. ಅವಳ ಕೈ ಕೂಸಿನ ತಲೆಯ ಹಿಂದೆ ಗಟ್ಟಿಯಾಗಿ ಕೂತಿತ್ತು. ಅದನ್ನು ಅವಳೇ ನೋಡಿಕೊಂಡಳು. "ಅವಸರವೇ ಅಪಘಾತಕ್ಕೆ ಕಾರಣ ಅಂತ ನಮ್ಮ ಬಸ್ಸಲ್ಲೇ ಬರ್ದಿದೆ," ಎಂದು ನಕ್ಕಳು, ನಗುತ್ತಲೇ ಅತ್ತಳು. ಕೈ ಮೆಲ್ಲಗೆ ಹೆಗಲಿಗೆ ಇಳಿಯಿತು. ಅಮ್ಮ ಮುಟ್ಟಲಿಲ್ಲ. ನಾನು ಹಿಂದಿನಿಂದ ನೋಡುತ್ತಿದ್ದೆ, ಬೆನ್ನ ಹಿಂದೆ ಅವಳ ಬೆರಳುಗಳು ಒಂದನ್ನೊಂದು ಹಿಚುಕಿಕೊಳ್ಳುತ್ತಿದ್ದವು. ತುಂಬ ಹೊತ್ತಿನ ಮೇಲೆ ಅಳು ನಿಂತಿತು. ಗುಟುಕು ಗುಟುಕಾಗಿ ನುಂಗುವ ಸದ್ದು ಕೇಳಿಸಿತು.

ಹೊರಗೆ ಬಂದ ಮೇಲೆ ದೊಡ್ಡ ಸಿಸ್ಟರ್ ಅಮ್ಮನನ್ನು ಕಿಟಕಿಯ ಬಳಿ ನಿಲ್ಲಿಸಿಕೊಂಡರು. "ನನಗೆ ಎರಡು ವರ್ಷ ಅಂದಿದ್ದೆ."

"ಹೌದು ಸಿಸ್ಟರ್. ತಪ್ಪಾಯ್ತು."

"ಇನ್ನು ಮೇಲೆ ಯಾರಿಗೂ ಹಾಗೆ ಹೇಳ್ಬೇಡ. ಈಗ ಹೇಳಿದ್ಯಲ್ಲ, ಇದನ್ನೇ ಹೇಳು." ಬಾಗಿಲವರೆಗೆ ಹೋದವರು ತಿರುಗಿ, "ಮಾಸ್ಟರಿಗೆ ಹೇಳ್ಬಿಟ್ಟು ಬಾ, ಒಂದನೇ ತಾರೀಖಿಂದ ಇಲ್ಲಿ ಅಂತ," ಅಂದರು.

ಅಲ್ಲಿಂದ ಮುಂದೆ ತಲೆ ಬೆಳ್ಳಗಾಗುವವರೆಗೂ ಅಮ್ಮ ಆ ವಾರ್ಡಿನಲ್ಲಿದ್ದಳು. ಗೌನಮ್ಮ ಹೋಗಿ ಹಾಲಮ್ಮ ಆದಳು. ಕೆಲಸಕ್ಕೆ ಹೋಗುವ ತಾಯಂದಿರಿಗೆ ಹಾಲು ಹಿಂಡಿ ತೆಗೆದಿಡುವುದನ್ನು ಕಲಿಸಿದಳು. ಎಷ್ಟು ಮಾಡಿದರೂ ಆಗದೆ ಸೋತವರಿಗೆ ಬಾಟಲಿ ಹಿಡಿಯುವುದನ್ನೂ ಅಷ್ಟೇ ಪ್ರೀತಿಯಿಂದ ಹೇಳಿಕೊಟ್ಟಳು, ಅದಕ್ಕಾಗಿ ಒಮ್ಮೊಮ್ಮೆ ಬೈಸಿಕೊಂಡಳು. ಬೀದಿಯಲ್ಲಿ ಯಾರೋ ದೊಡ್ಡ ಹುಡುಗನನ್ನು ಮುಂದೆ ತಳ್ಳಿ, "ಇವನೇ ಅವತ್ತಿನ ಹಟಮಾರಿ" ಎಂದು ಅಮ್ಮನಿಗೆ ತೋರಿಸುವರು. ಮೀಸೆ ಬಂದ ಆ ಹುಡುಗ ನಾಚಿ ನೀರಾಗುವನು.

ಆದರೆ ಪರೀಕ್ಷೆಯ ಆ ದಿನ ಇನ್ನೂ ಮುಗಿದಿರಲಿಲ್ಲ. ಬಸ್ ನಿಲ್ದಾಣದವರೆಗೂ ನಾನು ಅಮ್ಮನ ಕೈ ಹಿಡಿಯದೆ ನಡೆದೆ. ನನಗೆ ಕೆಟ್ಟ ಕೋಪ ಬಂದಿತ್ತು. ಇಡೀ ಕ್ಲಾಸಿಗೆ ಆ ಎರಡು ವರ್ಷದ ಕಥೆ ಹೇಳಿಕೊಂಡು ಮೆರೆದಿದ್ದೆ. ಇನ್ನು ಯಾವ ಮುಖ ಇಟ್ಟುಕೊಂಡು ಹೋಗಲಿ? ಅಮ್ಮ ಅದನ್ನು ಬೇರೆಯೇ ತಿಳಿದಳು.

"ಪುಟ್ಟಿ, ಕೋಪನಾ?"

"ಹೂಂ."

"ಆಗಬೇಕಾದ್ದೇ. ಆವಾಗ ನೀನು ಅಳ್ತಾ ಇದ್ದ ಹಾಗೇನೇ ಅಜ್ಜಿ ಕೈಗೆ ಕೊಟ್ಟು ಓಡ್ತಿದ್ದೆ. ಮೆಟ್ಟಿಲು ಹತ್ತೋವರೆಗೂ ನಿನ್ನ ಅಳು ಕೇಳಿದ ಹಾಗೇ ಆಗೋದು. ಈಗಲೂ ಮಧ್ಯಾಹ್ನದ ಬೆಲ್ಲು ಹೊಡೆದ್ರೆ ಕೇಳುತ್ತೆ. ನಿನಗೆ ಎಷ್ಟು ನೋವಾಗಿತ್ತೋ ಏನೋ."

ನನಗೆ ಅಮ್ಮ ಯಾವುದರ ಬಗ್ಗೆ ಮಾತಾಡುತ್ತಿದ್ದಾಳೆಂದು ಗೊತ್ತಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ಅದಾ?" ಅಂದೆ. "ನನಗೆ ಅದೆಲ್ಲ ನೆನಪೇ ಇಲ್ಲಮ್ಮ."

ಅಮ್ಮ ನನ್ನ ಮುಖವನ್ನು ನೋಡಿದಳು, ಸುಳ್ಳಿದೆಯೇ ಎಂದು ಹುಡುಕುವವಳ ಹಾಗೆ.

"ಸ್ವಲ್ಪನೂ?"

"ಸ್ವಲ್ಪನೂ ಇಲ್ಲ."

ನಮ್ಮ ಬಸ್ಸು ಬಂತು. ಜನ ಹತ್ತಿದರು. ನಾನು ಅಮ್ಮನ ಕೈ ಹಿಡಿದು ಎಳೆದೆ. ಅವಳು ಕೂತಿದ್ದ ಬೆಂಚಿನಿಂದ ಏಳಲಿಲ್ಲ. ಬಸ್ಸು ಹೊರಟುಹೋಯಿತು.

"ಇನ್ನೊಂದ್ಸಲ ಹೇಳು," ಅಂದಳು.